ಬಡ್ತಿ ಬೇಕಾದ ಫುಟ್‌ಬಾಲ್ ತಂಡ ಕಾಯ್ದು ಆಡಬೇಕಾ, ನುಗ್ಗಿ ಆಡಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಹುಡುಗರು ಓದಲಿಕ್ಕೆ, ಕೆಲಸಕ್ಕೆ ಅಂತ ಬೆಂಗಳೂರಿಗೆ ಹೋಗುತ್ತಾರೆ. ಆಟದ ಹುಚ್ಚು ಇದ್ದವರು ಅಲ್ಲಿನ ಸಿ ಡಿವಿಜನ್, ಬಿ ಡಿವಿಜನ್ ತಂಡ ಸೇರುತ್ತಾರೆ. ರಜೆಗೆ ಊರಿಗೆ ಬಂದು ಕಲಬುರಗಿಯ ಎನ್.ವಿ. ಮೈದಾನದ ಅಂಚಿಗೆ ಕೂತರೆ ಶುರುವಾಗುವುದು ಒಂದೇ ವಾದ. ಒಬ್ಬನ ಕೋಚ್ ಬರೀ ಡಿಫೆನ್ಸ್ ಆಡಿಸುತ್ತಾರೆ, ಪಂದ್ಯ ಎಲ್ಲ ಡ್ರಾ. ಇನ್ನೊಬ್ಬನ ತಂಡ ಮೂರು ಹೊಡೆದು ನಾಲ್ಕು ತಿನ್ನುತ್ತದೆ. ಇಬ್ಬರಿಗೂ ಮೇಲಿನ ಡಿವಿಜನ್‌ಗೆ ಹೋಗಬೇಕು, ಅಂದರೆ ಬಡ್ತಿ ಬೇಕು. ಅಂಥವರು ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಒಟ್ಟು ಮಾಡಿದ್ದೇನೆ.

ಉದಾಹರಣೆಗೆ ಜಾಸ್ತಿ ಬಳಸಿರುವುದು ಇಂಗ್ಲೆಂಡಿನ ಎರಡನೇ ಹಂತದ ಲೀಗ್, ಅಂದರೆ ಚಾಂಪಿಯನ್‌ಶಿಪ್. ಅಲ್ಲಿ 24 ತಂಡ, ಪ್ರತಿ ತಂಡಕ್ಕೆ 46 ಪಂದ್ಯ. ಅಷ್ಟು ಪಂದ್ಯ ಮುಗಿಯುವ ಹೊತ್ತಿಗೆ ಅದೃಷ್ಟದ ಪಾಲು ಕಡಿಮೆಯಾಗಿ, ಆಟದ ರೀತಿ ಅಂಕಿಯಲ್ಲೇ ಕಾಣುತ್ತದೆ.

ಟೂರ್ನಿ ಗೆಲ್ಲೋದಕ್ಕೂ ಬಡ್ತಿ ಪಡೆಯೋದಕ್ಕೂ ಏನು ವ್ಯತ್ಯಾಸ? ಗೆಲ್ಲೋದು ಗೆಲ್ಲೋದೇ ಅಲ್ವಾ?

ಅಲ್ಲ. ನಮ್ಮ ಕಡೆ ಹುಡುಗರು ಆಡಿ ಬೆಳೆಯುವುದು ಹೆಚ್ಚಾಗಿ ನಾಕೌಟ್ ಟೂರ್ನಿಗಳಲ್ಲಿ. ಸೋತರೆ ಮನೆಗೆ. ಹಾಗಾಗಿ ಗೋಲು ಬಿಡಬಾರದು, ಸಮ ಆದರೆ ಪೆನಾಲ್ಟಿಯಲ್ಲಿ ನೋಡಿಕೊಳ್ಳೋಣ ಅನ್ನುವ ಬುದ್ಧಿ ಚಿಕ್ಕಂದಿನಿಂದಲೇ ಕೂತುಬಿಡುತ್ತದೆ. ಆ ಆಟಕ್ಕೆ ಅದು ಸರಿ. 2004ರ ಯೂರೋ ಕಪ್‌ನಲ್ಲಿ ಗ್ರೀಸ್ ಮಾಡಿದ್ದೂ ಅದನ್ನೇ. ಕೋಚ್ ಜರ್ಮನಿಯ ಒಟ್ಟೊ ರೆಹಾಗೆಲ್. ಕ್ವಾರ್ಟರ್ ಫೈನಲ್‌ನಲ್ಲಿ ಫ್ರಾನ್ಸ್, ಸೆಮಿಯಲ್ಲಿ ಚೆಕ್ ಗಣರಾಜ್ಯ, ಫೈನಲ್‌ನಲ್ಲಿ ಪೋರ್ಚುಗಲ್. ಮೂರೂ ಸಲ 1-0. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ತಂಡ ಕಪ್ ಎತ್ತಿತು. ಆದರೆ ಅದಾದ ಮೇಲೆ 2006ರ ವಿಶ್ವಕಪ್‌ಗೆ ಅರ್ಹತಾ ಪಂದ್ಯಗಳು ನಡೆದವಲ್ಲ, ಅಲ್ಲಿ ಅದೇ ಕೋಚ್ ಇದ್ದರೂ ಗ್ರೀಸ್ ಗುಂಪು ದಾಟಲಿಲ್ಲ.

ಬಡ್ತಿ ಈ ಎರಡನೇ ಥರದ ಲೆಕ್ಕ. ತಿಂಗಳುಗಟ್ಟಲೆ ಆಡಿ, ಟೇಬಲ್‌ನಲ್ಲಿ ಮೊದಲನೇ ಅಥವಾ ಎರಡನೇ ಜಾಗದಲ್ಲಿ ಮುಗಿಸಬೇಕು. ಒಂದು ಪಂದ್ಯ ಸೋತರೆ ಏನೂ ಆಗಲ್ಲ. ಹತ್ತು ಪಂದ್ಯ ಡ್ರಾ ಆದರೆ ಬಹಳ ಆಗುತ್ತದೆ.

ಡ್ರಾ ಆದ್ರೂ ಸೋತಿಲ್ಲ ತಾನೇ ಅಣ್ಣಾ? ಒಂದು ಪಾಯಿಂಟ್ ಬಂತಲ್ಲ?

ಒಂದು ಬಂತು, ಎರಡು ಹೋಯಿತು. ಮುಂದಿನ ಉತ್ತರಗಳು ಬಹುಪಾಲು ಇದರ ಮೇಲೇ ನಿಂತಿವೆ.

ಹಿಂದೆ ಗೆಲುವಿಗೆ ಎರಡೇ ಪಾಯಿಂಟ್ ಇತ್ತು, ಡ್ರಾಗೆ ಒಂದು. ಅಂದರೆ ಎರಡು ಡ್ರಾ ಮಾಡಿದರೆ ಒಂದು ಗೆಲುವಿಗೆ ಸಮ. ಇಂಗ್ಲೆಂಡ್ 1981-82ರಿಂದ ಗೆಲುವಿಗೆ ಮೂರು ಪಾಯಿಂಟ್ ಕೊಡಲು ಶುರು ಮಾಡಿತು. ಇದರ ಹಿಂದೆ ಬಿದ್ದವರು ಮಾಜಿ ಆಟಗಾರ, ಟೀವಿಯಲ್ಲಿ ಹೆಸರು ಮಾಡಿದ್ದ ಜಿಮ್ಮಿ ಹಿಲ್. ವಿಶ್ವಕಪ್‌ಗೆ ಇದು ಬಂದದ್ದು 1994ರಲ್ಲಿ. ಡ್ರಾಗೆ ಅಂತಲೇ ಆಡುವ ತಂಡಕ್ಕೆ ಲಾಭ ಆಗಬಾರದು ಅನ್ನುವುದೇ ಉದ್ದೇಶ.

ಹತ್ತು ತಂಡದ ಲೀಗ್ ಅಂದುಕೊಳ್ಳಿ. ಎಲ್ಲರ ಜೊತೆ ಎರಡೆರಡು ಸಲ, ಒಟ್ಟು 18 ಪಂದ್ಯ. ಒಂದು ತಂಡ 5 ಗೆದ್ದು, 12 ಡ್ರಾ ಮಾಡಿ, ಒಂದೇ ಒಂದು ಸೋತಿದೆ. 27 ಪಾಯಿಂಟ್. ಇನ್ನೊಂದು ತಂಡ 9 ಗೆದ್ದಿದೆ, 9 ಸೋತಿದೆ. ಅದಕ್ಕೂ 27. ಅರ್ಧಕ್ಕರ್ಧ ಸೋತ ತಂಡವೂ ಒಂದೇ ಸೋಲು ಕಂಡ ತಂಡವೂ ಪಕ್ಕಪಕ್ಕದಲ್ಲಿ ನಿಂತಿವೆ. ಈ ವರ್ಷ ನಾವು ಒಂದೇ ಒಂದು ಸೋತಿದ್ದು ಅಂತ ಚಹಾ ಅಂಗಡಿಯಲ್ಲಿ ಹೇಳಿಕೊಳ್ಳಲಿಕ್ಕೆ ಚೆಂದ. ಟೇಬಲ್‌ಗೆ ಆ ಮಾತು ಕೇಳಿಸಲ್ಲ.

ಒಂದೇ ಲೀಗಲ್ಲಿ ಒಂದು ಡಿಫೆನ್ಸ್ ತಂಡ, ಒಂದು ಅಟ್ಯಾಕ್ ತಂಡ ಸಮಸಮ ಓಡಿದ ಉದಾಹರಣೆ ಇದೆಯಾ?

ಇದೆ, ಹುಡುಕಿದರೂ ಇದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ. 2024-25ರ ಚಾಂಪಿಯನ್‌ಶಿಪ್. ಡೇನಿಯಲ್ ಫಾರ್ಕೆ ಅವರ ಲೀಡ್ಸ್ ಒಂದು ಕಡೆ, ಸ್ಕಾಟ್ ಪಾರ್ಕರ್ ಅವರ ಬರ್ನ್ಲಿ ಇನ್ನೊಂದು ಕಡೆ.

ಲೀಡ್ಸ್ 29 ಗೆದ್ದು, 13 ಡ್ರಾ ಮಾಡಿ, 4 ಸೋತಿತು. ಹೊಡೆದ ಗೋಲು 95, ಬಿಟ್ಟದ್ದು 30. ಬರ್ನ್ಲಿ 28 ಗೆದ್ದು, 16 ಡ್ರಾ ಮಾಡಿ, 2 ಸೋತಿತು. ಹೊಡೆದದ್ದು 69, ಬಿಟ್ಟದ್ದು ಬರೀ 16. ಹದಿನಾರು! 46 ಪಂದ್ಯಕ್ಕೆ 16 ಅಂದರೆ ಹೆಚ್ಚುಕಡಿಮೆ ಮೂರು ಪಂದ್ಯಕ್ಕೆ ಒಂದು ಗೋಲು. ಕೀಪರ್ ಜೇಮ್ಸ್ ಟ್ರಾಫರ್ಡ್ ಅಂತೂ ಜನವರಿಯಲ್ಲಿ ಸಂಡರ್‌ಲ್ಯಾಂಡ್ ಮೇಲಿನ ಪಂದ್ಯದ ಕೊನೆಗಳಿಗೆಯಲ್ಲಿ ಒಂದಲ್ಲ, ಎರಡು ಪೆನಾಲ್ಟಿ ತಡೆದು 0-0 ಉಳಿಸಿದರು.

ಎರಡೂ ತಂಡಕ್ಕೆ ಸರಿಯಾಗಿ 100 ಪಾಯಿಂಟ್. ಎರಡಕ್ಕೂ ಬಡ್ತಿ ಸಿಕ್ಕಿದ್ದೂ ಒಂದೇ ದಿನ, 2025ರ ಏಪ್ರಿಲ್ 21ರಂದು. ಆ ದಿನ ಲೀಡ್ಸ್ 6-0 ಗೆದ್ದಿತು, ಬರ್ನ್ಲಿ 2-1. ಅವರವರ ಗುಣಕ್ಕೆ ತಕ್ಕ ಹಾಗೆ.

ಕಪ್ ಮಾತ್ರ ಗೋಲ್ ವ್ಯತ್ಯಾಸದ ಮೇಲೆ, ಅಂದರೆ ಹೊಡೆದದ್ದರಲ್ಲಿ ಬಿಟ್ಟದ್ದು ಕಳೆದರೆ ಉಳಿಯುವ ಲೆಕ್ಕದ ಮೇಲೆ, ಲೀಡ್ಸ್‌ಗೆ ಹೋಯಿತು. ಇವೆರಡು ತಂಡ ಮುಖಾಮುಖಿಯಾದಾಗ ಲೀಡ್ಸ್ ಒಂದೂ ಗೋಲು ಹೊಡೆದಿರಲಿಲ್ಲ, ಒಂದು ಪಂದ್ಯ ಬರ್ನ್ಲಿ 1-0 ಗೆದ್ದಿತ್ತು, ಇನ್ನೊಂದು 0-0. ಆದರೂ ಕಪ್ ಲೀಡ್ಸ್‌ಗೆ. ಇನ್ನೊಂದು ತಮಾಷೆ ಇದೆ. ಹಳೆಯ ಎರಡು ಪಾಯಿಂಟ್ ಲೆಕ್ಕ ಹಾಕಿ ನೋಡಿ. ಬರ್ನ್ಲಿಗೆ 56 ಮತ್ತು 16, ಒಟ್ಟು 72. ಲೀಡ್ಸ್‌ಗೆ 58 ಮತ್ತು 13, ಒಟ್ಟು 71. ಅಂದರೆ 1980ರ ನಿಯಮದಲ್ಲಿ ಚಾಂಪಿಯನ್ ಬರ್ನ್ಲಿ! ಆಟ ಅದೇ, ಗೋಲು ಅವೇ. ನಿಯಮ ಅಟ್ಯಾಕ್ ಕಡೆಗೆ ಎಷ್ಟು ವಾಲಿದೆ ಅಂತ ಇದರಲ್ಲೇ ಗೊತ್ತಾಗುತ್ತದೆ.

ಹಾಗಾದ್ರೆ ಎರಡೂ ಒಂದೇ ಅಂತಾಯ್ತು. ನಿಮ್ಮ ವೋಟು ಯಾವುದಕ್ಕೆ?

ಹಿಂದೆ ಬಿಗಿ ಮಾಡಿ, ಆದರೆ ಡ್ರಾಗೆ ಆಡಬೇಡಿ. ಬಿಗಿಯಾಗಿ ಆಡುವುದೂ ಡ್ರಾಗೆ ಆಡುವುದೂ ಬೇರೆ ಬೇರೆ ಕೆಲಸ. ನಮ್ಮ ಜಗಳಗಳಲ್ಲಿ ಎರಡನ್ನೂ ಒಂದೇ ಗಂಟಿಗೆ ಕಟ್ಟಿಬಿಡುತ್ತಾರೆ. ಬರ್ನ್ಲಿಯನ್ನ ಡಿಫೆನ್ಸ್ ತಂಡ ಅಂತ ಬೈದವರು ಬಹಳ, ಆದರೆ ಆ ತಂಡ 28 ಪಂದ್ಯ ಗೆದ್ದಿದೆ ನೋಡಿ.

ಮಾರ್ಸೆಲೊ ಬಿಯೆಲ್ಸಾ ಕೋಚ್ ಆಗಿದ್ದಾಗಿನ ಲೀಡ್ಸ್ ಕಥೆ ಇನ್ನೂ ಚೆನ್ನಾಗಿದೆ. ಬಿಯೆಲ್ಸಾ ಅಂದರೆ ನುಗ್ಗಿ ಆಡಿಸುವವರು, ಓಡಿಸಿ ಓಡಿಸಿ ಸುಸ್ತು ಮಾಡುವವರು. 2018-19ರಲ್ಲಿ ಅವರ ತಂಡ 73 ಗೋಲು ಹೊಡೆದು 50 ಬಿಟ್ಟಿತು. 83 ಪಾಯಿಂಟ್, ಮೂರನೇ ಸ್ಥಾನ. ಬಡ್ತಿಯ ಉಳಿದ ಒಂದು ಸೀಟಿಗೆ ನಡೆಯುವ ಪ್ಲೇಆಫ್‌ನ ಸೆಮಿಯಲ್ಲಿ ಡರ್ಬಿ ತಂಡದ ಊರಿಗೆ ಹೋಗಿ 1-0 ಗೆದ್ದು ಬಂದರು, ಆಮೇಲೆ ಸ್ವಂತ ಮೈದಾನದಲ್ಲಿ 2-4 ಸೋತರು. ಬಡ್ತಿ ತಪ್ಪಿತು. ಮರುವರ್ಷ ಅದೇ ಕೋಚ್, ಅದೇ ರೀತಿಯ ಆಟ. ಹೊಡೆದ ಗೋಲು 77, ಅಂದರೆ ನಾಲ್ಕೇ ಜಾಸ್ತಿ. ಬಿಟ್ಟದ್ದು 50ರಿಂದ 35ಕ್ಕೆ ಇಳಿಯಿತು. 93 ಪಾಯಿಂಟ್, ಚಾಂಪಿಯನ್, 16 ವರ್ಷದ ನಂತರ ಇಂಗ್ಲೆಂಡಿನ ಮೊದಲ ಹಂತದ ಪ್ರೀಮಿಯರ್ ಲೀಗ್. ಅಟ್ಯಾಕ್ ಬಿಟ್ಟುಕೊಡದೆ ಹಿಂದೆ ರಿಪೇರಿ ಮಾಡಿದರು ಅಷ್ಟೇ.

ಗೋಲು ಬಿಡುವುದು ಕಡಿಮೆಯಾದರೆ ಹೊಡೆದ ಪ್ರತಿ ಗೋಲಿನ ಬೆಲೆ ಏರುತ್ತದೆ. ಒಂದು ಹೊಡೆದರೂ ಮೂರು ಪಾಯಿಂಟ್ ಸಿಗುವ ತಂಡಕ್ಕೆ ಕೆಟ್ಟ ದಿನದಲ್ಲೂ ಗೆಲ್ಲಲಿಕ್ಕೆ ಬರುತ್ತದೆ. ಎರಡು ಹೊಡೆದರೂ ಗ್ಯಾರಂಟಿ ಇಲ್ಲದ ತಂಡಕ್ಕೆ ಬರಲ್ಲ.

ಡಿಫೆನ್ಸ್ ಅಂದ್ರೆ ಗೋಲಿನ ಮುಂದೆ ಎಲ್ಲರನ್ನೂ ನಿಲ್ಲಿಸೋದು ಅಲ್ವಾ?

ಅದು ಒಂದು ರೀತಿ, ಅದೂ ಸುಲಭ ಅನ್ನಿಸುವ ರೀತಿ. ಇನ್ನೊಂದು, ಮೈದಾನದ ನಡುವೆ ಸಾಲು ಕಟ್ಟಿ ಕಾಯುವುದು. ಮೂರನೆಯದು, ಚೆಂಡು ಹೋದ ಕೂಡಲೇ ಅವರ ಅರ್ಧದಲ್ಲೇ ಮುತ್ತಿ ಕಸಿಯುವುದು. ಇದಕ್ಕೆ ಪ್ರೆಸಿಂಗ್ ಅನ್ನುತ್ತಾರೆ. ನೋಡಲಿಕ್ಕೆ ಅಟ್ಯಾಕ್ ಥರ ಕಾಣುತ್ತದೆ, ಮಾಡುವ ಕೆಲಸ ಡಿಫೆನ್ಸ್.

ಮೂರರಲ್ಲಿ ಯಾವುದೇ ಆಡಿ, ಸಾಲುಗಳ ನಡುವೆ ಜಾಗ ಬಿಡಬಾರದು. ಹಿಂದಿನ ಸ್ಟಾಪರ್‌ಗಳಿಂದ (ಗೋಲಿನ ಮುಂದೆ ನಡುವೆ ನಿಲ್ಲುವ ಡಿಫೆಂಡರ್‌ಗಳು) ಮುಂದಿನ ಫಾರ್ವರ್ಡ್‌ವರೆಗೆ ಮೂವತ್ತು ಮೀಟರ್ ಸುತ್ತಮುತ್ತ ಇರಬೇಕು. ಬ್ಯಾಕ್‌ಗಳು ಹೆದರಿ ಹಿಂದೆ ಸರಿಯುತ್ತಾರೆ, ಫಾರ್ವರ್ಡ್‌ಗಳು ಮುಂದೆ ಓಡುತ್ತಾರೆ, ನಡುವೆ ಇಬ್ಬರು ಮಿಡ್‌ಫೀಲ್ಡರ್‌ಗಳು ಅನಾಥರಾಗುತ್ತಾರೆ. ರೊಟ್ಟಿ ಬಡಿಯುವಾಗ ಎಲ್ಲಿ ತೆಳುವಾಯಿತೋ ಅಲ್ಲೇ ಹರಿಯುತ್ತದಲ್ಲ, ತಂಡವೂ ಹಾಗೇ. ನಮ್ಮ ಸ್ಥಳೀಯ ಪಂದ್ಯಗಳಲ್ಲಿ ಬೀಳುವ ಗೋಲುಗಳಲ್ಲಿ ಬಹುಪಾಲು ಆ ನಡುವಿನ ಖಾಲಿ ಜಾಗದಿಂದಲೇ ಶುರುವಾಗುತ್ತವೆ. ಬೈಗುಳ ಮಾತ್ರ ಕೀಪರ್‌ಗೆ.

ಡಿಫೆನ್ಸ್‌ಗೆ ಹೆಸರಾದ ತಂಡ ಅಂದರೆ 1960ರ ದಶಕದ ಇಂಟರ್ ಮಿಲಾನ್. ಹೆಲೆನಿಯೊ ಹೆರೆರಾ ಕೋಚ್, 1964 ಮತ್ತು 1965ರಲ್ಲಿ ಯುರೋಪಿಯನ್ ಕಪ್ ಗೆದ್ದರು. ಆ ಆಟಕ್ಕೆ ಕತೆನಾಚ್ಚೊ ಅಂತ ಹೆಸರು, ಇಟಲಿ ಮಾತಲ್ಲಿ ಬಾಗಿಲ ಚಿಲಕ. ಆದರೆ ಅದೇ ತಂಡದ ಲೆಫ್ಟ್ ಬ್ಯಾಕ್ ಜಚಿಂತೊ ಫಕೆಟ್ಟಿ ಅವಕಾಶ ಸಿಕ್ಕಾಗೆಲ್ಲ ಮೇಲೆ ಓಡಿ ಗೋಲು ಹೊಡೆಯುತ್ತಿದ್ದರು. 1965ರ ಸೆಮಿಯಲ್ಲಿ ಲಿವರ್‌ಪೂಲ್‌ಗೆ ಮೂರನೇ ಗೋಲು ಹೊಡೆದದ್ದು ಅವರೇ. ಬಾಗಿಲು ಹಾಕಿದ ತಂಡಕ್ಕೂ ಹೊರಗೆ ಹೋಗುವ ದಾರಿ ಗೊತ್ತಿತ್ತು.

ನಾವು ಅಟ್ಯಾಕ್ ಮಾಡುವಾಗ ಹಿಂದೆ ಎಷ್ಟು ಮಂದಿ ಇರಬೇಕು?

ಅವರು ಮುಂದೆ ಎಷ್ಟು ಮಂದಿಯನ್ನ ಬಿಟ್ಟಿದ್ದಾರೋ ಅದಕ್ಕಿಂತ ಒಬ್ಬ ಜಾಸ್ತಿ. ಒಬ್ಬ ಫಾರ್ವರ್ಡ್ ನಿಂತಿದ್ದರೆ ಇಬ್ಬರು, ಇಬ್ಬರು ನಿಂತಿದ್ದರೆ ಮೂವರು. ಅವರ ಮುಂದೆ ಒಬ್ಬ ಮಿಡ್‌ಫೀಲ್ಡರ್, ಅವರ ಕೌಂಟರ್ ಅಟ್ಯಾಕ್‌ನ ಮೊದಲ ಪಾಸ್ ಕಡಿಯಲಿಕ್ಕೆ. ರೈಟ್ ಬ್ಯಾಕ್ ಮೇಲೆ ಹೋದರೆ ಲೆಫ್ಟ್ ಬ್ಯಾಕ್ ಕೆಳಗೆ ಇರಬೇಕು.

ಯಾರು ನಿಲ್ಲುತ್ತಾರೆ ಅನ್ನುವುದು ಬದಲಾಗಬಹುದು, ಎಷ್ಟು ಮಂದಿ ಅನ್ನುವುದು ಬದಲಾಗಬಾರದು. ಕ್ರಿಸ್ ವೈಲ್ಡರ್ ಅವರ ಶೆಫೀಲ್ಡ್ ಯುನೈಟೆಡ್ ಇದನ್ನ ಚೆನ್ನಾಗಿ ತೋರಿಸಿತು. ಮೂವರು ಸ್ಟಾಪರ್. ಅದರಲ್ಲಿ ಬಲ ಎಡದ ಇಬ್ಬರು ವಿಂಗರ್ ಥರ ಸೈಡ್‌ನಲ್ಲಿ ಮೇಲೆ ಓಡುತ್ತಿದ್ದರು. ಸ್ಟಾಪರ್ ಕ್ರಾಸ್ ಹಾಕುವುದನ್ನ ನೋಡಿ ಎದುರಾಳಿಗಳೇ ಗಲಿಬಿಲಿ. ಆದರೆ ಒಬ್ಬ ಮೇಲೆ ಹೋದರೆ ಒಬ್ಬ ಮಿಡ್‌ಫೀಲ್ಡರ್ ಆ ಜಾಗಕ್ಕೆ ಇಳಿಯುತ್ತಿದ್ದ. 2018-19ರಲ್ಲಿ 78 ಹೊಡೆದು 41 ಬಿಟ್ಟು ಎರಡನೇ ಸ್ಥಾನದಲ್ಲಿ ಬಡ್ತಿ ಪಡೆದರು. ಮರುವರ್ಷ ಪ್ರೀಮಿಯರ್ ಲೀಗ್‌ನಲ್ಲಿ ಒಂಬತ್ತನೇ ಸ್ಥಾನ.

4-4-2 ಒಳ್ಳೇದಾ, 5-3-2 ಒಳ್ಳೇದಾ?

ಈ ಅಂಕಿ ಅಂದರೆ ಹಿಂದೆ, ನಡುವೆ, ಮುಂದೆ ಎಷ್ಟೆಷ್ಟು ಮಂದಿ ಅನ್ನುವುದು. ಯಾವುದು ಒಳ್ಳೇದು ಅನ್ನುವುದು ನಿಮ್ಮ ಹತ್ತಿರ ಯಾರಿದ್ದಾರೆ ಅನ್ನುವುದರ ಮೇಲೆ. ಇಬ್ಬರು ಒಳ್ಳೆ ಸ್ಟಾಪರ್ ಇಲ್ಲದಿದ್ದರೆ ಮೂವರನ್ನ ನಿಲ್ಲಿಸಿ. ಐದು ಬ್ಯಾಕ್ ಅಂದ ಕೂಡಲೇ ಡಿಫೆನ್ಸ್ ಆಟ ಅಲ್ಲ, ಮೂವರು ಫಾರ್ವರ್ಡ್ ಅಂದ ಕೂಡಲೇ ಅಟ್ಯಾಕ್ ಆಟವೂ ಅಲ್ಲ. ಬೋರ್ಡ್ ಮೇಲಿನ ನಂಬರ್‌ಗೆ ಇಷ್ಟು ಸಾಕು.

ಕೆಳಗಿನ ತಂಡ ಬಂದು ಹತ್ತೂ ಮಂದಿಯನ್ನ ಹಿಂದೆ ಕೂಡಿಸಿಬಿಡ್ತದೆ. ಆಗ ಏನು ಮಾಡೋದು?

ಬಡ್ತಿ ಕೈತಪ್ಪುವುದು ಇಲ್ಲೇ. ದೊಡ್ಡ ತಂಡದ ಮೇಲೆ ಎಲ್ಲರೂ ಮೈಮುರಿದು ಆಡುತ್ತಾರೆ. ಟೇಬಲ್‌ನ ತಳದಲ್ಲಿರುವವರ ಮೇಲೆ 0-0 ಮಾಡಿಕೊಂಡು ಬಂದು ಮೈದಾನ ಸರಿ ಇರಲಿಲ್ಲ ಅನ್ನುತ್ತಾರೆ.

ಮೊದಲ ಇಪ್ಪತ್ತು ನಿಮಿಷ ಜೋರಾಗಿ ಹೋಗಿ. ಒಂದು ಗೋಲು ಬಿದ್ದರೆ ಅವರು ಹೊರಗೆ ಬರಲೇಬೇಕು, ಆಮೇಲೆ ಜಾಗ ತಾನಾಗಿ ಸಿಗುತ್ತದೆ. ಚೆಂಡನ್ನ ಒಂದು ಸೈಡಿಗೆ ಎಳೆದು, ಅವರೆಲ್ಲ ಆ ಕಡೆ ವಾಲಿದ ಮೇಲೆ ಬೇಗ ಇನ್ನೊಂದು ಸೈಡಿಗೆ ತಿರುಗಿಸಿ. ಸುಮ್ನೆ ಎತ್ತರದ ಕ್ರಾಸ್ ಹಾಕಬೇಡಿ. ಪೆಟ್ಟಿಗೆ (ಪೆನಾಲ್ಟಿ ಏರಿಯಾ) ತುಂಬ ಎತ್ತರದ ಸ್ಟಾಪರ್‌ಗಳೇ ನಿಂತಿರುವಾಗ ಅದು ಅವರಿಗೆ ಅಭ್ಯಾಸ ಮಾಡಿಸಿದ ಹಾಗೆ. ಗೆರೆವರೆಗೆ ಓಡಿ, ಅಲ್ಲಿಂದ ನೆಲದ ಮೇಲೇ ಹಿಂದಕ್ಕೆ ಪಾಸ್ ಕೊಡಿ. ಬ್ಯಾಕ್‌ಗಳೆಲ್ಲ ತಮ್ಮ ಗೋಲಿನ ಕಡೆ ಮುಖ ಮಾಡಿ ಓಡುತ್ತಿರುವಾಗ ಹಿಂದೆ ಬರುವ ಚೆಂಡನ್ನ ತಡೆಯುವುದು ಬಹಳ ಕಷ್ಟ.

ಕಾರ್ನರ್, ಫ್ರೀಕಿಕ್‌ಗೆ ಸಮಯ ಕೊಡಿ. ಸಣ್ಣ ಡಿವಿಜನ್ ತಂಡಗಳು ವಾರಕ್ಕೆ ಮೂರು ದಿನ ಓಡುತ್ತವೆ, ಪಾಸ್ ಮಾಡುತ್ತವೆ, ಕೊನೆಗೆ ಎರಡು ಕಡೆ ಭಾಗ ಮಾಡಿಕೊಂಡು ಆಡುತ್ತವೆ. ಕಾರ್ನರ್ ಅಭ್ಯಾಸ ಮಾತ್ರ ಮಾಡಲ್ಲ. ಯಾರು ಹತ್ತಿರದ ಕಂಬಕ್ಕೆ ಓಡಬೇಕು, ಯಾರು ಕೀಪರ್ ಮುಂದೆ ನಿಲ್ಲಬೇಕು, ಹೊರಗೆ ಬಂದ ಚೆಂಡಿಗೆ ಯಾರು ಕಾಯಬೇಕು, ಇದನ್ನ ಮೊದಲೇ ಹೇಳಿಕೊಟ್ಟರೆ ಮುಚ್ಚಿದ ತಂಡದ ಮೇಲೂ ಗೋಲು ಬರುತ್ತದೆ. ಕಾಲಿನ ಚಮತ್ಕಾರ ಇಲ್ಲದ ತಂಡಕ್ಕೆ ಇದು ಎಲ್ಲಕ್ಕಿಂತ ಅಗ್ಗದ ದಾರಿ.

ನಮ್ಮ ಬಿಸಿಲು, ನಮ್ಮ ನೆಲ. ಇಲ್ಲಿ ಪ್ರೆಸಿಂಗ್ ಎಲ್ಲ ಆಗ್ತದಾ ಕಾಕಾ?

ಪೂರ್ತಿ ಪಂದ್ಯ ಆಗಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿಯಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ಸಂಜೆ ಐದಕ್ಕೆ ಶುರು ಮಾಡಿದರೂ ನೆಲ ಕಾಯ್ದೇ ಇರುತ್ತದೆ. ತೊಂಬತ್ತು ನಿಮಿಷ ಓಡಿ ಕಸಿಯುವ ಆಟ ಯುರೋಪಿನ ಚಳಿಗೆ ಸರಿ. ಇಲ್ಲಿ ಹೊತ್ತು ಆರಿಸಿಕೊಳ್ಳಬೇಕು. ಪಂದ್ಯದ ಮೊದಲ ಹತ್ತು ನಿಮಿಷ, ಹಾಫ್ ಟೈಮ್ ಮುಗಿದ ಮೇಲಿನ ಹತ್ತು ನಿಮಿಷ, ಬದಲಿ ಆಟಗಾರರ ಹೊಸ ಕಾಲು ಒಳಗೆ ಬಂದ ಮೇಲೆ ಸ್ವಲ್ಪ ಹೊತ್ತು. ಉಳಿದದ್ದು ನಡುವೆ ಸಾಲು ಕಟ್ಟಿ ಕಾಯಿರಿ.

ನೆಲದ ಮಾತು ಬೇರೆ. ಎರೆ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಾಗುತ್ತದೆ, ಮಳೆ ಬಂದರೆ ಬೂಟಿಗೆ ಅಂಟಿ ಕಾಲು ಎತ್ತಲಿಕ್ಕೆ ಬಿಡಲ್ಲ. ಹುಲ್ಲಿಲ್ಲದ ಮೈದಾನದಲ್ಲಿ ಕೀಪರ್‌ನಿಂದ ಸ್ಟಾಪರ್‌ಗೆ, ಸ್ಟಾಪರ್‌ನಿಂದ ಮಿಡ್‌ಫೀಲ್ಡ್‌ಗೆ ಅಂತ ಸಣ್ಣ ಪಾಸ್ ಆಡುವುದು ಟೀವಿಯಲ್ಲಿ ನೋಡಿದಷ್ಟು ಸುಲಭ ಅಲ್ಲ. ಚೆಂಡು ಒಂದು ಸಲ ಎಗರಿದರೆ ಅವರ ಫಾರ್ವರ್ಡ್ ಮುಂದೆ ಖಾಲಿ ಗೋಲು. ಹಾಗಂತ ಕಣ್ಣುಮುಚ್ಚಿ ಉದ್ದ ಒದೆಯಿರಿ ಅಂತಲ್ಲ. ಸೈಡಿಗೆ ಒದೆಯಿರಿ, ಚೆಂಡು ಬೀಳುವ ಜಾಗದ ಸುತ್ತ ಮೂವರು ಇರಲಿ. ಮೊದಲ ಹೆಡ್ಡರ್ ಅವರೇ ಗೆಲ್ಲಲಿ, ಎರಡನೇ ಚೆಂಡು ನಿಮ್ಮದಾಗಲಿ. ಬೆಂಗಳೂರಿಗೆ ಹೋಗಿ ಹುಲ್ಲಿನ ಮೇಲೋ ಟರ್ಫ್ ಮೇಲೋ ಆಡುವಾಗ ಈ ಲೆಕ್ಕ ತಿರುಗುತ್ತದೆ, ಅದೂ ನೆನಪಿರಲಿ.

1-0 ಮುಂದೆ ಇದ್ದೀವಿ, ಇಪ್ಪತ್ತು ನಿಮಿಷ ಬಾಕಿ. ಈಗಲಾದ್ರೂ ಎಲ್ಲರನ್ನೂ ಹಿಂದೆ ಕರೀಬಹುದಾ?

ಒಬ್ಬ ಚುರುಕಿನ ಫಾರ್ವರ್ಡ್‌ನನ್ನ ಮೇಲೆ ಬಿಟ್ಟು ಉಳಿದವರನ್ನ ಕರೆಯಿರಿ. ಅವನು ಅಲ್ಲಿ ನಿಂತಿದ್ದರೆ ಸಾಕು, ಅವರ ಇಬ್ಬರು ಹಿಂದೆ ಉಳಿಯಬೇಕಾಗುತ್ತದೆ. ಅವನನ್ನೂ ಕರೆದರೆ ಅವರ ಹತ್ತು ಮಂದಿ ನಿಮ್ಮ ಪೆಟ್ಟಿಗೆ ಮುಂದೆ ಬಂದು ಕೂರುತ್ತಾರೆ, ನೀವು ಹೊರಗೆ ಒದ್ದ ಚೆಂಡು ಗೋಡೆಗೆ ಬಡಿದಂತೆ ವಾಪಸ್ ಬರುತ್ತದೆ.

ಲೆಸ್ಟರ್ ಸಿಟಿ 2015-16ರಲ್ಲಿ ಪ್ರೀಮಿಯರ್ ಲೀಗ್ ಗೆದ್ದದ್ದು ನೆನಪಿದೆಯಲ್ಲ? ಆ ವರ್ಷದ ಮೊದಲ ಒಂಬತ್ತು ಪಂದ್ಯದಲ್ಲಿ ಪ್ರತಿ ಸಲವೂ ಗೋಲು ಬಿಟ್ಟಿದ್ದರು. ಗೋಲು ಬಿಡದಿದ್ದರೆ ಪಿಜ್ಜಾ ಕೊಡಿಸುತ್ತೇನೆ ಅಂತ ಕೋಚ್ ಕ್ಲೌಡಿಯೊ ರಾನಿಯೆರಿ ಹುಡುಗರಿಗೆ ಆಸೆ ಹಚ್ಚಿದರು. ಹತ್ತನೇ ಪಂದ್ಯದಲ್ಲಿ 1-0, ಪಿಜ್ಜಾ ಸಿಕ್ಕಿತು. ಮಾರ್ಚ್, ಏಪ್ರಿಲ್ ಹೊತ್ತಿಗೆ ವಾಟ್‌ಫರ್ಡ್, ನ್ಯೂಕ್ಯಾಸಲ್, ಕ್ರಿಸ್ಟಲ್ ಪ್ಯಾಲೆಸ್, ಸೌತಾಂಪ್ಟನ್ ಮೇಲೆ ಸಾಲಾಗಿ ನಾಲ್ಕು ಸಲ 1-0. ಅಷ್ಟು ಹಿಂದೆ ಕೂತು ಆಡುವಾಗಲೂ ಜೇಮಿ ವಾರ್ಡಿ ಮೇಲೇ ಇರುತ್ತಿದ್ದರು.

ಪೆಟ್ಟಿಗೆ ಹತ್ತಿರ ಫೌಲ್ ಮಾಡಬೇಡಿ. ಚೆಂಡು ಸಿಕ್ಕರೆ ಅವರ ಕಾರ್ನರ್ ಕಡೆ ತೆಗೆದುಕೊಂಡು ಹೋಗಿ. ಸುಮ್ಸುಮ್ನೆ ಬಿದ್ದು ಹೊರಳಾಡಬೇಡಿ, ರೆಫರಿ ಅದನ್ನೆಲ್ಲ ಕೊನೆಗೆ ಸೇರಿಸಿಯೇ ಸೇರಿಸುತ್ತಾರೆ.

ಡ್ರಾ ಸಾಕು ಅನ್ನೋ ಪಂದ್ಯ ಇರೋದೇ ಇಲ್ವಾ?

ಇರುತ್ತದೆ. ನಿಮ್ಮ ಜೊತೆ ಬಡ್ತಿಗೆ ಓಡುತ್ತಿರುವ ತಂಡದ ಮೇಲೆ, ನೀವು ಮುಂದೆ ಇರುವಾಗ. ಅಲ್ಲಿ ಸೋತರೆ ನಿಮಗೆ ಸೊನ್ನೆ, ಅವರಿಗೆ ಮೂರು. ತಳದ ತಂಡಕ್ಕೆ ಸೋತಾಗ ಆ ಮೂರು ಪಾಯಿಂಟ್ ಯಾರಿಗೋ ಹೋಗುತ್ತದೆ, ಅವರು ಹೇಗೂ ನಿಮ್ಮನ್ನ ಹಿಡಿಯಲ್ಲ. ಬಡ್ತಿಗೆ ಓಡುತ್ತಿರುವ ಎದುರಾಳಿಗೆ ಸೋತರೆ ಅದೇ ಮೂರು ನಿಮ್ಮ ತಲೆ ಮೇಲೆ ಕೂರುತ್ತದೆ.

2016ರ ಮೇ 7. ಚಾಂಪಿಯನ್‌ಶಿಪ್‌ನ ಕೊನೆಯ ಪಂದ್ಯ, ಮಿಡಲ್ಸ್‌ಬ್ರೊ ಮತ್ತು ಬ್ರೈಟನ್ ಮುಖಾಮುಖಿ. ಪಾಯಿಂಟ್ ಸಮ. ಮಿಡಲ್ಸ್‌ಬ್ರೊ ಗೋಲ್ ವ್ಯತ್ಯಾಸದಲ್ಲಿ ಸ್ವಲ್ಪ ಮುಂದೆ, ಡ್ರಾ ಆದರೆ ಸಾಕು. ಬ್ರೈಟನ್ ಗೆಲ್ಲಲೇಬೇಕು. 1-1 ಆಯಿತು. ಇಬ್ಬರಿಗೂ 89 ಪಾಯಿಂಟ್. ಬ್ರೈಟನ್ 72 ಹೊಡೆದು 42 ಬಿಟ್ಟಿತ್ತು, ಮಿಡಲ್ಸ್‌ಬ್ರೊ 63 ಹೊಡೆದು 31 ಬಿಟ್ಟಿತ್ತು. ಒಂಬತ್ತು ಗೋಲು ಕಡಿಮೆ ಹೊಡೆದ ತಂಡ ಎರಡೇ ಗೋಲಿನ ವ್ಯತ್ಯಾಸದಲ್ಲಿ ಮೇಲೆ ಹೋಯಿತು. ಬ್ರೈಟನ್ ಪ್ಲೇಆಫ್‌ನಲ್ಲಿ ಸೋತು ಅಲ್ಲೇ ಉಳಿಯಿತು.

ಪ್ಲೇಆಫ್ ಅಂದ್ರೆ ಮತ್ತೆ ನಾಕೌಟ್ ತಾನೇ?

ಹೌದು. ಚಾಂಪಿಯನ್‌ಶಿಪ್‌ನಲ್ಲಿ ಮೊದಲ ಇಬ್ಬರು ನೇರ ಮೇಲೆ ಹೋಗುತ್ತಾರೆ, ಅವರ ಕೆಳಗಿನ ಕೆಲವರು ಮೂರನೇ ಸೀಟಿಗೆ ಬಡಿದಾಡುತ್ತಾರೆ; 2024-25ರಲ್ಲಿ ಅದು ಮೂರರಿಂದ ಆರನೇ ಸ್ಥಾನದವರು. ಅಲ್ಲಿ ಟೇಬಲ್ ಮಾತು ನಡೆಯಲ್ಲ. 2024-25ರಲ್ಲಿ ಶೆಫೀಲ್ಡ್ ಯುನೈಟೆಡ್ 90 ಪಾಯಿಂಟ್ ಮಾಡಿ ಮೂರನೆಯದಾಗಿತ್ತು. ನಾಲ್ಕನೇ ಸ್ಥಾನದ ಸಂಡರ್‌ಲ್ಯಾಂಡ್‌ಗೆ 76, ಅದೂ ಲೀಗ್‌ನ ಕೊನೆಯ ಐದು ಪಂದ್ಯ ಸಾಲಾಗಿ ಸೋತು ಬಂದಿತ್ತು. ಇವೆರಡರ ಫೈನಲ್‌ನಲ್ಲಿ ಸಂಡರ್‌ಲ್ಯಾಂಡ್ 2-1, ಗೆಲುವಿನ ಗೋಲು ಇಂಜುರಿ ಟೈಮ್‌ನಲ್ಲಿ. ಇಲ್ಲಿ ಮಾತ್ರ ನಮ್ಮ ಟೂರ್ನಿ ಬುದ್ಧಿ ಕೆಲಸಕ್ಕೆ ಬರುತ್ತದೆ.

ಕೊನೆಗೆ ಸ್ಟಾಪರ್‌ನನ್ನ ಫಾರ್ವರ್ಡ್ ಮಾಡೋದು ಹುಚ್ಚಾಟ ಅಲ್ವಾ?

ಲೆಕ್ಕ ನೋಡಿ ಹೇಳಿ. 80ನೇ ನಿಮಿಷ, ತಳದ ತಂಡದ ಮೇಲೆ ಸಮ ಇದೆ. ಈಗ ಗೋಲು ಹೊಡೆದರೆ ಎರಡು ಪಾಯಿಂಟ್ ಲಾಭ. ತಿಂದರೆ ಒಂದು ನಷ್ಟ. ಹೊಡೆಯುವ ಸಾಧ್ಯತೆ ತಿನ್ನುವ ಸಾಧ್ಯತೆಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಇದ್ದರೂ ಸಾಕು, ಕಳಿಸುವುದೇ ಸರಿ. ಹಿಂದೆ ಉಳಿಯುವವನು ಓಡಬಲ್ಲವನಾಗಿರಬೇಕು, ಅಷ್ಟೇ.

ಇದನ್ನ ನಮಗೆ ಯುರೋಪ್ ಕಲಿಸಬೇಕಾಗಿಲ್ಲ. ನಮ್ಮ ಅಜ್ಜಂದಿರ ಕಾಲಕ್ಕೆ, 1956ರವರೆಗೆ, ಕಲಬುರಗಿ, ಬೀದರ್ ಎಲ್ಲ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ಆ ಹೈದರಾಬಾದಿನವರೇ ಸೈಯದ್ ಅಬ್ದುಲ್ ರಹೀಮ್. ಅವರು ಬೆಳೆಸಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಗೆದ್ದಿತು. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಅವರು ಭಾರತದ ಕೋಚ್. ಸ್ಟಾಪರ್ ಜರ್ನೈಲ್ ಸಿಂಗ್‌ಗೆ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತ್ತು. ರಹೀಮ್ ಸಾಬ್ ಅವರನ್ನ ಸೆಂಟರ್ ಫಾರ್ವರ್ಡ್ ಆಗಿ ನಿಲ್ಲಿಸಿದರು. ಜರ್ನೈಲ್ ಸೆಮಿಯಲ್ಲೂ ಹೊಡೆದರು, ಫೈನಲ್‌ನಲ್ಲೂ ಹೊಡೆದರು. ಫೈನಲ್‌ನಲ್ಲಿ ಇನ್ನೊಂದು ಗೋಲು ಪಿ.ಕೆ. ಬ್ಯಾನರ್ಜಿ ಅವರದು. ದಕ್ಷಿಣ ಕೊರಿಯಾ ಮೇಲೆ 2-1, ಚಿನ್ನ. ಅದೇ ಕೊರಿಯಾಗೆ ಮೊದಲ ಪಂದ್ಯದಲ್ಲಿ 0-2 ಸೋತಿದ್ದರು.

ಮೇಲೆ ಹೋದ ಮೇಲೆ ಅದೇ ಆಟ ಆಡಬಹುದಾ?

ಆಡಬಹುದು, ಸೋಲಲಿಕ್ಕೆ ಸಿದ್ಧ ಇದ್ದರೆ. ವಿನ್ಸೆಂಟ್ ಕಾಂಪನಿ ಕೋಚ್ ಆಗಿದ್ದ ಬರ್ನ್ಲಿ 2022-23ರಲ್ಲಿ ಚೆಂದದ ಪಾಸಿಂಗ್ ಆಟ ಆಡಿ 101 ಪಾಯಿಂಟ್ ಗಳಿಸಿ ಮೇಲೆ ಹೋಯಿತು. ಮೇಲೂ ಅದನ್ನೇ ಆಡಲು ಹೋಗಿ 24 ಪಾಯಿಂಟ್‌ನಲ್ಲಿ ವಾಪಸ್ ಬಂತು. ಆ ವರ್ಷ ಮೇಲೇರಿದ ಮೂರೂ ತಂಡ ಇಳಿದವು, ಮುಂದಿನ ವರ್ಷವೂ ಮೂರಕ್ಕೆ ಮೂರು. ಕೆಳಗೆ ನೀವು ಚೆಂಡು ಇಟ್ಟುಕೊಂಡು ಆಡುತ್ತಿದ್ದಿರಿ. ಮೇಲೆ ಅದು ಬೇರೆಯವರ ಕಾಲಲ್ಲಿರುತ್ತದೆ. ಹಿಂದೆ ಕಟ್ಟಿದ್ದು ಗಟ್ಟಿ ಇದ್ದರೆ ಆ ಭಾಗವಾದರೂ ಜೊತೆಗೆ ಬರುತ್ತದೆ.

ನಮ್ಮ ರಾಜ್ಯದ ಉದಾಹರಣೆಯೂ ಇದೆ. ಎಸ್‌ಸಿ ಬೆಂಗಳೂರು 2023-24ರಲ್ಲಿ ದೇಶದ ಮೂರನೇ ಹಂತದ ಐ-ಲೀಗ್ 2 ಗೆದ್ದು ಎರಡನೇ ಹಂತದ ಐ-ಲೀಗ್‌ಗೆ ಏರಿತು. ಮರುವರ್ಷವೇ ಇಳಿಯಿತು.

ನಮ್ಮ ದೇಶದಲ್ಲಿ ಆಡಿ ಗೆದ್ದು ಮೊದಲ ಹಂತದ ಐಎಸ್‌ಎಲ್‌ಗೆ (ಇಂಡಿಯನ್ ಸೂಪರ್ ಲೀಗ್) ಹೋದವರು ಇದ್ದಾರಾ?

ಇದ್ದಾರೆ. 2022-23ರ ಐ-ಲೀಗ್ ಗೆದ್ದ ಪಂಜಾಬ್ ತಂಡ ಮೊದಲನೆಯದು. ಮರುವರ್ಷ ಕೋಲ್ಕತ್ತಾದ ಮೊಹಮಡನ್ ಸ್ಪೋರ್ಟಿಂಗ್.

ದುಡ್ಡು ಒಬ್ಬನಿಗೆ ಮಾತ್ರ ಇದೆ. ಒಳ್ಳೆ ಫಾರ್ವರ್ಡ್ ತರೋಣಾ, ಒಳ್ಳೆ ಕೀಪರ್ ತರೋಣಾ?

ಸಣ್ಣ ಡಿವಿಜನ್‌ನಲ್ಲಿ ಕೀಪರ್. ಎಲ್ಲರೂ ಫಾರ್ವರ್ಡ್ ಹಿಂದೆ ಬಿದ್ದಿರುತ್ತಾರೆ, ಕೀಪರ್ ಕಡಿಮೆ ದುಡ್ಡಿಗೆ ಸಿಗುತ್ತಾನೆ. ಕಾರ್ನರ್‌ನಲ್ಲಿ ಮುಂದೆ ಬಂದು ಚೆಂಡು ಹಿಡಿಯುವ ಕೀಪರ್ ಇದ್ದರೆ ಸ್ಟಾಪರ್‌ಗಳ ಎದೆಬಡಿತ ಅರ್ಧ ಇಳಿಯುತ್ತದೆ.

ಇನ್ನು ನಾಲ್ಕೇ ಪಂದ್ಯ ಇದೆ. ಎರಡು ಪಾಯಿಂಟ್ ಹಿಂದೆ ಇದ್ದೀವಿ. ಆಟದ ರೀತಿ ಬದಲಿಸಬೇಕಾ?

ಬದಲಿಸಬೇಡಿ. ನಾಲ್ಕು ಪಂದ್ಯದಲ್ಲಿ ಹೊಸ ಆಟ ಯಾರಿಗೂ ಬರಲ್ಲ, ಹಳೆಯದೂ ಕೈಬಿಟ್ಟು ಹೋಗುತ್ತದೆ. ಮೊದಲು ನಿಮ್ಮ ಲೀಗ್‌ನ ನಿಯಮದ ಹಾಳೆ ತೆಗೆದು ಓದಿ. ಪಾಯಿಂಟ್ ಸಮ ಆದರೆ ಗೋಲ್ ವ್ಯತ್ಯಾಸವಾ, ಮುಖಾಮುಖಿ ಫಲಿತಾಂಶವಾ? ಗೋಲ್ ವ್ಯತ್ಯಾಸ ಆದರೆ 3-0 ಮುಂದಿದ್ದಾಗ ಕಾಲು ಎಳೆಯುವ ಹಾಗಿಲ್ಲ, ನಾಲ್ಕನೆಯದಕ್ಕೂ ಹೋಗಬೇಕು. ಆಮೇಲೆ ಯಾರ ಮೇಲೆ ಎಷ್ಟು ಹಳದಿ ಕಾರ್ಡ್ ಇದೆ ಬರೆದಿಟ್ಟುಕೊಳ್ಳಿ. ಮುಖ್ಯ ಸ್ಟಾಪರ್ ಕೊನೆಯ ಪಂದ್ಯಕ್ಕೆ ಹೊರಗೆ ಕೂರಬಾರದು. ಉಳಿದ ನಾಲ್ಕರಲ್ಲಿ ತಳದ ತಂಡಗಳ ಮೇಲಿನ ಪಂದ್ಯ ಯಾವುವು ಅಂತ ಗುರುತು ಹಾಕಿ. ಅಲ್ಲಿ ಕೊನೆಯ ಕಾಲು ಗಂಟೆಗೆ ಯಾರನ್ನ ಮುಂದೆ ಕಳಿಸಬೇಕು, ಯಾರು ಹಿಂದೆ ಉಳಿಯಬೇಕು ಅನ್ನುವುದನ್ನ ಹಿಂದಿನ ದಿನವೇ ಹುಡುಗರಿಗೆ ಹೇಳಿಬಿಡಿ. ಗೆರೆಯ ಹೊರಗೆ ನಿಂತು ಕೂಗಿದರೆ ಆ ಗದ್ದಲದಲ್ಲಿ ಯಾರಿಗೂ ಕೇಳಿಸಲ್ಲ.